ಲಗಾಮು ಬಿಟ್ಟ ಗುಡ್ಡ

ಗೋಣಿಬಂಡೆಯಿಂದ ತುರುವಿನಹಾಳಿಗೆ ಹೋಗುವ ಬಸ್ಸಿನಲ್ಲಿ ಎಡಗಡೆಯ ಕಿಟಕಿಗೆ ಕುಳಿತರೆ, ಊರು ದಾಟಿದ ಸ್ವಲ್ಪ ಹೊತ್ತಿಗೆ ಒಂದು ಬೋಳು ಗುಡ್ಡ ಕಾಣಿಸುತ್ತದೆ. ಬೋಳು ಎಂದರೆ ಪೂರ್ತಿ ಬೋಳಲ್ಲ. ಬಂಡೆಗಳ ಸಂದಿಯಲ್ಲಿ ಕಾರೆಗಿಡ, ತುಗ್ಗಲಿ, ಅಲ್ಲೊಂದು ಇಲ್ಲೊಂದು ಸೀತಾಫಲ ಇವೆ. ಗುಡ್ಡದ ಹಿಂಬದಿಗೆ ಗಾಡಿ ಹತ್ತುವಷ್ಟು ಅಗಲದ ದಾರಿಯಿದೆ. ಮುಂಬದಿಯಲ್ಲಿ ಮಾತ್ರ ನೆತ್ತಿಯಿಂದ ಬುಡದವರೆಗೆ ಓರೆಯಾಗಿ ಇಳಿಯುವ ಒಂದು ಕಿರಿದಾದ ಬಂಡೆಯಂಚು. ಒಂದು ಮಗ್ಗುಲಿಗೆ ಗೋಡೆಯಂಥ ಕಲ್ಲು, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ನೀರಿನ ಕಲ್ಲುಗುಂಡಿ, ಅದಕ್ಕೆ ಗಿಳಿದೊಣೆ ಎಂದು ಹೆಸರು. ಗುಡ್ಡಕ್ಕೆ ಲಗಾಮು ಬಿಟ್ಟ ಗುಡ್ಡ ಎಂದು ಹೆಸರು. ಭಾನುವಾರ ಬೈಕಿನಲ್ಲಿ ಬರುವ ಹುಡುಗರು ಈ ಹೆಸರು ಕೇಳಿ, ಹಿಂಬದಿಯ ದಾರಿಯಲ್ಲಿ ಹ್ಯಾಂಡಲ್ ಬಿಟ್ಟು ಇಳಿಯುವುದೇ ದೊಡ್ಡ ಶೌರ್ಯವೆಂದುಕೊಂಡು ಮೊಣಕಾಲು ಸುಲಿದುಕೊಂಡು ಹೋಗುತ್ತಾರೆ. ಅಯ್ಯಾ, ಹೆಸರಿನಲ್ಲಿರುವುದು ಕುದುರೆಯ ಲಗಾಮು, ಕುದುರೆಗೆ ಬುದ್ಧಿಯಿದೆ, ನಿನ್ನ ಬೈಕಿಗೆ ಎಲ್ಲಿದೆ ಎಂದು ಊರಿನ ಹಿರಿಯರು ಬೈದರೆ ನಗುತ್ತಾರೆ. ನಗಲಿ. ಕಥೆ ತಿಳಿದಿದ್ದರೆ ಗುಡ್ಡಕ್ಕೆ ಕೈಮುಗಿದು, ಬೈಕನ್ನು ತಳ್ಳಿಕೊಂಡು ಇಳಿಯುತ್ತಿದ್ದರು.

ಹಿಂದೆ ಒಮ್ಮೆ, ಗೋಣಿಬಂಡೆ ಒಂದು ಚಿಕ್ಕ ಪಾಳೆಯವಾಗಿದ್ದ ಕಾಲದಲ್ಲಿ, ಈ ಗುಡ್ಡದ ಸುತ್ತಲಿನ ಬಯಲೆಲ್ಲ ಕುದುರೆ ಮೇಯುವ ಕಾವಲು ಆಗಿತ್ತು ಎನ್ನುತ್ತಾರೆ. ಗೋಣಿಬಂಡೆಯ ಹೆಸರು ನಾಲ್ಕು ಕಡೆಗೆ ಕೇಳಿಸುತ್ತಿದ್ದುದು ಕೋಟೆಯಿಂದಲ್ಲ, ಕೊತ್ತಲದಿಂದಲ್ಲ, ಲಾಯದಿಂದ. ಆ ಕಾವಲಿನ ಮೇಲೆ ನೆರೆಯ ತುರುವಿನಹಾಳು ಪಾಳೆಯದವರಿಗೆ ಮೊದಲಿನಿಂದ ಕಣ್ಣು. ಹೊಡೆದಾಡಿ ಸಾಕಾಗಿ ಎರಡು ಕಡೆಯ ಹಿರಿಯರೂ ಕೂತು ಒಂದು ಕಟ್ಟಳೆ ಮಾಡಿದರು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಗೋಣಿಬಂಡೆಯ ಸಾಹಣಿ, ಅಂದರೆ ಲಾಯದ ಮುಖ್ಯಸ್ಥ, ತನ್ನ ಇಬ್ಬರು ಗೆಳೆಯರನ್ನು ಕರೆದುಕೊಂಡು ಕಾವಲನ್ನು ಕುದುರೆಯ ಮೇಲೆ ಸುತ್ತಬೇಕು. ಹೊತ್ತು ಹುಟ್ಟುವಾಗ ಗಿಳಿದೊಣೆಯ ಪಕ್ಕದ ಮೊದಲ ಕಲ್ಲಿನಿಂದ ಹೊರಡಬೇಕು. ಬಯಲಿನ ಎರಡನೆಯ, ಮೂರನೆಯ ಕಲ್ಲುಗಳನ್ನೂ ಗುಡ್ಡದ ನೆತ್ತಿಯ ನಾಲ್ಕನೆಯ ಕಲ್ಲನ್ನೂ ಎಲ್ಲರಿಗಿಂತ ಮೊದಲು ಸಾಹಣಿಯೇ ಮುಟ್ಟಬೇಕು. ಹೊತ್ತು ಮುಳುಗುವುದರೊಳಗೆ ತಿರುಗಿ ಮೊದಲ ಕಲ್ಲಿಗೆ ಬರಬೇಕು. ನಾಲ್ಕನೆಯ ಕಲ್ಲು ಮುಟ್ಟಿದ ಮೇಲೆ ಯಾರ ಕಾಲೂ ನೆಲಕ್ಕೆ ತಾಕಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಸಾಹಣಿಯ ಕುದುರೆಯ ಲಗಾಮಿಗೆ ದಿನವಿಡೀ ಬೇರೊಬ್ಬರ ಕೈ ತಾಕಬಾರದು. ಇಷ್ಟರಲ್ಲಿ ಒಂದು ತಪ್ಪಿದರೂ ಆ ವರ್ಷ ಕಾವಲೂ ನೀರೂ ತುರುವಿನಹಾಳಿನ ಪಾಲು. ತಪ್ಪು ಹುಡುಕಲು ಅವರ ಕಡೆಯ ಒಬ್ಬ ಸಾಕ್ಷಿ ಜೊತೆಗೇ ಸವಾರಿ ಬರುತ್ತಿದ್ದ.

ಆಗ ಸಾಹಣಿಯಾಗಿದ್ದವನು ಗಾದ್ರಪ್ಪ. ಐವತ್ತು ದಾಟಿದ ಗಟ್ಟಿ ಆಳು, ಬಾಯಿ ಸ್ವಲ್ಪ ಜೋರು. ಇಪ್ಪತ್ತಾರು ವರ್ಷ ಸುತ್ತುಸವಾರಿ ಮಾಡಿ ಒಂದು ವರ್ಷವೂ ತಪ್ಪಿರಲಿಲ್ಲ. ಅವನ ಕುದುರೆ ನೇರಳೆ. ನೇರಳೆ ಹಣ್ಣಿನ ಬಣ್ಣದ ಹೆಣ್ಣುಕುದುರೆ, ಅದು ಹುಟ್ಟಿದ್ದೇ ಗಾದ್ರಪ್ಪನ ಮಡಿಲಿಗೆ. ಇಷ್ಟೆಲ್ಲ ಇದ್ದ ಗಾದ್ರಪ್ಪನಿಗೆ ಯಾರಿಗೂ ಹೇಳದ ಒಂದು ಸಂಕಟವಿತ್ತು. ಎರಡು ವರ್ಷದಿಂದ ಅವನ ಕಣ್ಣಿನ ಬೆಳಕು ಆರುತ್ತಾ ಬಂದು, ಈಗ ಬಿಸಿಲು ನೆರಳಿನ ವ್ಯತ್ಯಾಸ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಇದ್ದವು. ಕುರುಡನನ್ನು ಯಾವ ಪಾಳೆಯಗಾರ ತಾನೇ ಸಾಹಣಿಯಾಗಿ ಇಟ್ಟುಕೊಳ್ಳುತ್ತಾನೆ? ಗೊತ್ತಾದ ಮರುದಿನವೇ ನೇರಳೆಯ ಮೇಲೆ ಇನ್ನೊಬ್ಬನ ಜೀನು ಬೀಳುತ್ತದೆ, ತಾನು ಲಾಯದ ಮೂಲೆಯಲ್ಲಿ ಹುರುಳಿ ಬೀಸುತ್ತಾ ಕೂರಬೇಕಾಗುತ್ತದೆ ಎಂದು ಅವನು ಒಳಗೊಳಗೇ ಬೇಯುತ್ತಿದ್ದ. ಅದಕ್ಕೇ ಮುಚ್ಚಿಟ್ಟ. ಲಾಯದ ಕಂಬಗಳನ್ನು ಹೆಜ್ಜೆಯಲ್ಲಿ ಎಣಿಸಿಕೊಂಡ, ಕುದುರೆಗಳನ್ನು ಉಸಿರಿನಲ್ಲಿ ಗುರುತು ಹಿಡಿದ, ಮನುಷ್ಯರನ್ನು ಕೆಮ್ಮಿನಲ್ಲಿ ಗುರುತು ಹಿಡಿದ. ಊರಿನ ಅಷ್ಟೂ ಕುದುರೆಗಳ ಹೊಟ್ಟೆಪಾಡನ್ನು ಅವನು ತನ್ನ ಹಟಕ್ಕೆ ಒಡ್ಡಿದ್ದು ಸರಿಯೇ ಎಂದು ಕೇಳಿದರೆ, ಸರಿಯಲ್ಲ. ಹಿರಿಯರು ಅದನ್ನೇನೂ ಮುಚ್ಚಿ ಹೇಳುವುದಿಲ್ಲ. ಆದರೆ ಕುದುರೆಯ ಮೇಲೆ ಬೆಳೆದವನಿಗೆ ಕುದುರೆಯಿಂದ ಇಳಿ ಎಂದು ಹೇಳಿ ನೋಡಿ, ಆಗ ತಿಳಿಯುತ್ತದೆ.

ಆ ವರ್ಷ ಅವನ ಜೊತೆ ಹೊರಟವರು ಎಂದಿನ ಇಬ್ಬರೇ. ಒಬ್ಬ ನಾಲಬಂದ ಮೋದಿನ್ ಸಾಬ. ಕುದುರೆಗಳಿಗೆ ಲಾಳ ಹೊಡೆಯುವವರನ್ನು ಆ ಸೀಮೆಯಲ್ಲಿ ನಾಲಬಂದರು ಎನ್ನುತ್ತಿದ್ದರು. ಮೋದಿನ್ ಹೊಡೆದ ಲಾಳ ಸವೆದು ಹೋಗಬೇಕೇ ಹೊರತು ಕಳಚಿ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಇನ್ನೊಬ್ಬಳು ಪಾಳೆಯಗಾರನ ಅಕ್ಕ ಸಿದ್ಧವ್ವ ನಾಗತಿ. ಚಿಕ್ಕಂದಿನಲ್ಲಿ ಗಾದ್ರಪ್ಪನ ಅಪ್ಪನ ಕೈಯಲ್ಲಿ ಮೂವರೂ ಒಂದೇ ತಟ್ಟುಕುದುರೆಯಿಂದ ಸರದಿಯಂತೆ ಬಿದ್ದು ಸವಾರಿ ಕಲಿತವರು. ನಾಗತಿಯದು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು ಎನ್ನುವಂಥ ಸ್ವಭಾವ. ತುರುವಿನಹಾಳಿನ ಸಾಕ್ಷಿಯಾಗಿ ಬಂದವನು ಜಂಪಣ್ಣ ನಾಯಕ ಎಂಬ ಮೂವತ್ತರ ಚುರುಕು ಗಂಡು. ಸಾಹಣಿಯ ಕಣ್ಣಿನ ಬಗ್ಗೆ ಗಾಳಿಸುದ್ದಿಯೊಂದು ಅವನ ಕಿವಿಗೆ ಬಿದ್ದಿತ್ತು. ಅದನ್ನು ಪರೀಕ್ಷಿಸಿಯೇ ಬರುತ್ತೇನೆಂದು ಮೀಸೆ ಮುಟ್ಟಿ ಹೇಳಿ ಬಂದಿದ್ದ.

ಹೊತ್ತು ಹುಟ್ಟುತ್ತಲೇ ನಾಲ್ಕು ಕುದುರೆಗಳೂ ಮೊದಲ ಕಲ್ಲು ಬಿಟ್ಟು ಹೊರಟವು. ಆಹಾ, ಆ ಬೆಳಗು! ತಂಪು ಗಾಳಿ, ಮೊಣಕಾಲಿಗೆ ತಾಕುವ ಒಣಹುಲ್ಲಿನ ಸದ್ದು, ಗೌಜಲಹಕ್ಕಿಗಳು ಬುರ್ರೆಂದು ಎದ್ದು ಹೋಗುವುದು. ಗಾದ್ರಪ್ಪನಿಗೆ ಕಣ್ಣಿಲ್ಲ ಎನ್ನುವುದೇ ಮರೆತುಹೋಯಿತು. ಮೊದಲು ಕುಕ್ಕುಲೋಟ, ಬಯಲು ಸಿಕ್ಕಿದ್ದೇ ನಾಗಾಲೋಟ. ಮೂವರು ಗೆಳೆಯರೂ ಮಕ್ಕಳ ಹಾಗೆ ಕೂಗಿಕೊಂಡು ಹೋದರು. ಎರಡು ವಿಷಯ ಮಾತ್ರ ಅವನಿಗೆ ಕಿರಿಕಿರಿ ಮಾಡುತ್ತಿದ್ದವು. ಒಂದು, ಮುಂದೆ ಹೋಗುತ್ತಿದ್ದ ಮೋದಿನ್‌ನ ಕುದುರೆಯ ಹಿಂಗಾಲಿನ ಲಾಳ ಸಡಿಲವಾಗಿ ಹೆಜ್ಜೆಹೆಜ್ಜೆಗೂ ಖಣ್ ಖಣ್ ಎನ್ನುತ್ತಿತ್ತು. "ಥೂ ನಿನ್ನ! ನಾಲಬಂದ ಅನ್ನಿಸಿಕೊಂಡು ನಿನ್ನ ಕುದುರೆಗೇ ಲಾಳ ಸರಿಯಾಗಿ ಹೊಡೆಯೋಕೆ ಬರೋದಿಲ್ಲವೇನೋ?" ಎಂದು ಗಾದ್ರಪ್ಪ ಬೈದ. ಮೋದಿನ್ "ವಯಸ್ಸಾಯಿತಪ್ಪಾ, ಕೈ ನಡುಗ್ತದೆ," ಎಂದ. ಎರಡನೆಯದು, ನಾಗತಿಯ ಬಾಯಿ ಅಂದು ನಿಲ್ಲುತ್ತಲೇ ಇರಲಿಲ್ಲ. ಈ ಜಾಲಿಕೊಂಬೆ ಎಷ್ಟು ಕೆಳಗೆ ಬಂದಿದೆ ನೋಡು, ಹಳ್ಳದ ಬಲಗಡೆ ಕುಸಿದಿದೆ ನೋಡು, ಅಗೋ ಬೇವಿನಮರದ ಎಡಕ್ಕೇ ಕಲ್ಲು ಇದೆ ನೋಡು ಎಂದು ಒಂದೇ ಸಮನೆ ವಟವಟ. ನಾಗತಿಗೆ ಏನಾಗಿದೆ ಇವತ್ತು ಎಂದು ಗಾದ್ರಪ್ಪ ತಲೆ ಕೆರೆದುಕೊಂಡ. ಆದರೂ ಖಣ್ ಖಣ್ ಸದ್ದು ಹಿಡಿದು ನೇರಳೆಯನ್ನು ನಡೆಸಲು ಅನುಕೂಲವೇ ಆಯಿತು, ಕೊಂಬೆ ಬಂದಾಗ ಬಗ್ಗಲು ಮಾತೂ ಒದಗಿತು. ಎರಡನೆಯ ಕಲ್ಲನ್ನೂ ಮೂರನೆಯ ಕಲ್ಲನ್ನೂ ಅವನೇ ಮೊದಲು ಮುಟ್ಟಿದ. ಎಲ್ಲಾ ತನ್ನ ಜಾಣತನ ಎಂದು ಒಳಗೇ ಬೀಗಿದ.

ಮಧ್ಯಾಹ್ನ ಮೂರನೆಯ ಕಲ್ಲಿನ ಬಳಿ ಹುಣಸೆಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರು. ಜಂಪಣ್ಣ ಇದೇ ಸಮಯ ಎಂದುಕೊಂಡು, ತನ್ನ ಕುದುರೆಯನ್ನು ಸದ್ದಿಲ್ಲದೆ ಗಾದ್ರಪ್ಪನ ಮುಂದೆ ತಂದು ನಿಲ್ಲಿಸಿ ಕೇಳಿದ. "ಸಾಹಣಿಗಳೇ, ಕುದುರೆ ವಿಷಯದಲ್ಲಿ ನಿಮ್ಮ ಕಣ್ಣಿಗೆ ಸಮ ಇಲ್ಲ ಅಂತಾರೆ. ನನ್ನ ಕುದುರೆ ನೋಡಿ ಹೇಳಿ, ಹೇಗಿದೆ?" ನಾಗತಿಯ ಕೈಯಲ್ಲಿದ್ದ ರೊಟ್ಟಿ ಹಾಗೇ ನಿಂತಿತು. ಗಾದ್ರಪ್ಪ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ನುಂಗಿ, "ನೋಡೋದೇನಿದೆ ತಮ್ಮಾ? ಬೆಳಗ್ಗೆಯಿಂದ ನಿನ್ನ ಕುದುರೆ ಎಡ ಮುಂಗಾಲು ಊರ್ತಾ ಇಲ್ಲ. ಮೂರು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ಮೇಲೆ ಕೂತವನಿಗೆ ಇದು ತಿಳೀದಿದ್ರೆ ಕುದುರೆ ಯಾಕೆ, ಎಮ್ಮೆ ಹತ್ತು," ಎಂದ. ಮೋದಿನ್ ಕಾಲೆತ್ತಿ ನೋಡಿದರೆ ನಿಜವೇ! ಗೊರಸಿನ ಒಳಗೆ ಚೂಪಾದ ಬೆಣಚುಕಲ್ಲು ಹೂತು, ಸುತ್ತ ಕೀವು ಕಟ್ಟಿತ್ತು. ಹಾಗೇ ಬಿಟ್ಟಿದ್ದರೆ ಕುದುರೆ ಕುಂಟಾಗಿ, ಸಾಕ್ಷಿ ಅಲ್ಲೇ ಉಳಿದು, ಇವರ ಪಾಡಿಗೆ ಇವರು ಮುಂದೆ ಹೋಗಬಹುದಿತ್ತು. ಗಾದ್ರಪ್ಪ ಅದಕ್ಕೆ ಒಪ್ಪಲಿಲ್ಲ. ಕುದುರೆ ಯಾರದಾದರೂ ನೋವು ಕುದುರೆಯದೇ ಎಂದು ಕೂತುಕೊಂಡ. ಕಲ್ಲು ತೆಗೆದು, ಕೀವು ಹಿಂಡಿ, ಬೇವಿನೆಣ್ಣೆ ಬಿಟ್ಟು ಬಟ್ಟೆ ಕಟ್ಟುವುದರಲ್ಲಿ ಬಹಳ ಹೊತ್ತು ಹೋಯಿತು. ಪರೀಕ್ಷೆ ಮಾಡಲು ಬಂದ ಜಂಪಣ್ಣ ತಾನೇ ಕುದುರೆಯ ತಲೆ ಹಿಡಿದುಕೊಂಡು ನಿಲ್ಲಬೇಕಾಯಿತು. ಅವನ ಮುಖ ಸಣ್ಣದಾಗಿತ್ತು.

ಗುಡ್ಡದ ನೆತ್ತಿಗೆ ಹತ್ತಿ ನಾಲ್ಕನೆಯ ಕಲ್ಲನ್ನು ಮುಟ್ಟುವಾಗ ಹೊತ್ತು ಪಡುವಣಕ್ಕೆ ವಾಲಿ ಮಾರುದ್ದವಷ್ಟೇ ಉಳಿದಿತ್ತು. ಹಿಂಬದಿಯ ಗಾಡಿದಾರಿ ಹಿಡಿದರೆ ಸುತ್ತಿ ಬರುವುದರಲ್ಲಿ ಕತ್ತಲಾಗುತ್ತದೆ. ಉಳಿದದ್ದು ಮುಂಬದಿಯ ಬಂಡೆಯಂಚು ಮಾತ್ರ. ಕೆಳಗೆ ಗಿಳಿದೊಣೆಯ ಹತ್ತಿರ ಎರಡು ಊರಿನ ಜನವೂ ನೆರೆದು ಮೇಲೆ ನೋಡುತ್ತಿದ್ದರು. ಅವರ ಗದ್ದಲ ನೆತ್ತಿಗೂ ಕೇಳಿಸುತ್ತಿತ್ತು. ಮೋದಿನ್ ತನ್ನ ಕುದುರೆಯನ್ನು ಅಂಚಿನ ಬಾಯಿಗೆ ತಿರುಗಿಸಿದ. ಅಷ್ಟರಲ್ಲಿ ಪಡುವಣದಿಂದ ಬಂತು ನೋಡಿ ಗಾಳಿ! ಬಯಲಿನ ಕೆಂಪುದೂಳನ್ನೆಲ್ಲ ಬಾಚಿ ಎತ್ತಿಕೊಂಡು ಬಂದು ಗುಡ್ಡದ ಮೇಲೆ ಸುರಿಯಿತು. ಕೈ ಚಾಚಿದರೆ ಕೈ ಕಾಣದು. ಮೋದಿನ್‌ನ ಕುದುರೆ ಬೆಚ್ಚಿ ಹಿಂದೆ ಸರಿದಾಗ ಅದರ ಸಡಿಲ ಲಾಳ ಬಂಡೆಯ ಬಿರುಕಿಗೆ ಸಿಕ್ಕಿ ಕಿತ್ತುಬಂತು. ಬಂಡೆಯಿಂದ ಬಂಡೆಗೆ ಬಡಿಯುತ್ತಾ ಖಣ್, ಖಣ್, ಖಣ್ ಎಂದು ಕೆಳಗೆ ಹೋಗಿ, ಆಮೇಲೆ ಸದ್ದು ನಿಂತುಹೋಯಿತು.

"ಯಾಕೆ ನಿಂತೆ? ನಡಿ ಮೋದಿನ್," ಎಂದ ಗಾದ್ರಪ್ಪ. ಮೋದಿನ್ ಕುದುರೆಯ ಕುತ್ತಿಗೆ ಸವರಿ ಸಮಾಧಾನ ಮಾಡಿದ. ಆಮೇಲೆ, "ಲಾಳ ಹೋಯಿತು ಗಾದ್ರಪ್ಪಾ. ನಾನು ಮುಂದೆ ಹೋದರೂ ಇನ್ನು ನಿನಗೆ ಕೇಳಿಸೋದಿಲ್ಲ," ಎಂದ.

ಗಾದ್ರಪ್ಪ ಜೀನಿನ ಮೇಲೆ ಕಲ್ಲಾಗಿ ಕುಳಿತುಬಿಟ್ಟ. ಮೊಳೆಯನ್ನು ಸಡಿಲ ಬಿಟ್ಟದ್ದು ನಡುಗುವ ಕೈಯಲ್ಲ, ಬೇಕೆಂದೇ ಬಿಟ್ಟದ್ದು. ತನ್ನ ಕಸುಬಿನ ಮರ್ಯಾದೆ ಕಳೆದುಕೊಂಡು, ದಿನವೆಲ್ಲ ತನ್ನಿಂದ ಬೈಸಿಕೊಂಡು, ಇವನು ತನಗೆ ದಾರಿ ತೋರಿಸುತ್ತಾ ಬಂದಿದ್ದಾನೆ. ಹಾಗಾದರೆ ನಾಗತಿಯ ಮಾತು? ಅವನು ಕೇಳುವ ಮೊದಲೇ ಅವಳು ಗಾಳಿಯಲ್ಲಿ ಕೂಗಿ ಹೇಳಿದಳು. "ಎರಡು ವರ್ಷದಿಂದ ಗೊತ್ತು ಕಣೋ ಗಾದ್ರಿ. ನೀನು ಹೇಳ್ತೀಯ ಅಂತ ಕಾದ್ವಿ. ಹೇಳಲಿಲ್ಲ. ಇವತ್ತು ಮಾತಾಡಿ ಮಾತಾಡಿ ನನ್ನ ಗಂಟಲು ಕಟ್ಟಿಹೋಗಿದೆ." ಗಾದ್ರಪ್ಪನಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಅದರ ಹಿಂದೆಯೇ ತಡೆಯಲಾರದಂಥ ನಗು ಬಂತು, ಕಣ್ಣಿನಿಂದ ನೀರೂ ಬಂತು. ಇಂಥ ಗೆಳೆಯರಿಂದಲೇ ಮುಚ್ಚಿಟ್ಟೆನಲ್ಲ ಎಂದು ಹಣೆ ಚಚ್ಚಿಕೊಂಡ. ಆಮೇಲೆ ಜಂಪಣ್ಣನ ಉಸಿರು ಕೇಳಿಸಿದ ಕಡೆಗೆ ಮುಖ ತಿರುಗಿಸಿ, ನೆಟ್ಟಗೆ ಹೇಳಿದ. "ಕೇಳಿಸಿಕೊಂಡೆಯಲ್ಲಾ ತಮ್ಮಾ? ನಾನು ಕುರುಡ. ಕೆಳಗೆ ಹೋದಮೇಲೆ ಡಂಗುರ ಹೊಡಿ, ಬೇಡ ಅನ್ನೋದಿಲ್ಲ. ಆದರೆ ಈಗ ನಿನಗೆ ಏನು ಕಾಣ್ತಿದೆ ಹೇಳು?"

"ಏನೂ ಕಾಣ್ತಿಲ್ಲ ಸಾಹಣಿಗಳೇ," ಎಂದ ಜಂಪಣ್ಣ.

"ಹಾಗಾದರೆ ನಾಲ್ವರೂ ಒಂದೇ. ವ್ಯತ್ಯಾಸ ಏನಂದ್ರೆ, ನಿಮಗೆ ಕಣ್ಣು ಹೋಗಿದ್ದು ಈಗ, ನನಗೆ ಎರಡು ವರ್ಷದ ಅಭ್ಯಾಸ ಇದೆ," ಎಂದು ಗಾದ್ರಪ್ಪ ಎದೆಯುಬ್ಬಿಸಿ ಕುಳಿತ. ಬೆಳಗಿನಿಂದ ಬೇರೆಯವರ ಸದ್ದು ಹಿಡಿದು ಬಂದವನು ಆ ಗಳಿಗೆಯಿಂದ ನಿಜವಾದ ಸಾಹಣಿಯಾದ. ಅವನು ಹೇಳಿದ್ದು ಇಷ್ಟೇ. ದಾರಿ ಕಾಣದಾಗ ಸವಾರ ಹೆದರಿ ಲಗಾಮು ಬಿಗಿ ಹಿಡಿಯುತ್ತಾನೆ. ಲಗಾಮು ಬಿಗಿದರೆ ಕುದುರೆಯ ತಲೆ ಮೇಲಾಗುತ್ತದೆ. ತಲೆ ಮೇಲಾದರೆ ತನ್ನ ಕಾಲು ಎಲ್ಲಿ ಬೀಳುತ್ತಿದೆ ಎನ್ನುವುದು ಅದಕ್ಕೂ ತಿಳಿಯುವುದಿಲ್ಲ, ಎರಡು ಜೀವವೂ ಕಮರಿಗೆ ಹೋಗುತ್ತವೆ. ಮರಿಯಾಗಿದ್ದಾಗ ನೇರಳೆ ಮೂರು ಬೇಸಿಗೆ ದಿನಾ ಸಂಜೆ ಇದೇ ಅಂಚಿನಲ್ಲಿ ತಾಯಿಯ ಹಿಂದೆ ನೀರಿಗೆ ಇಳಿದಿದೆ. ಈಗಲೂ ಅದಕ್ಕೆ ಬಾಯಾರಿದೆ, ಕೆಳಗೆ ನೀರಿದೆ. ಲಗಾಮನ್ನು ಕುದುರೆಯ ಕುತ್ತಿಗೆಗೆ ಗಂಟು ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಳ್ಳಿ, ಕಣ್ಣು ಮುಚ್ಚಿಕೊಳ್ಳಿ, ನೇರಳೆಯ ಹಿಂದೆ ಉಳಿದ ಕುದುರೆಗಳು ತಾವೇ ಬರುತ್ತವೆ. ಮೋದಿನ್ ಕಡೆಯಲ್ಲಿರಲಿ, ಬರಿಗೊರಸು ಬಂಡೆಯನ್ನು ಲಾಳಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಇಷ್ಟು ಹೇಳಿ ತಾನೇ ಮೊದಲು ಲಗಾಮು ಬಿಟ್ಟ. ನೇರಳೆಯ ಕಿವಿಯ ಹತ್ತಿರ ಬಾಗಿ, "ನಡಿ ನನ್ನವ್ವಾ, ನೀನುಂಟು ನಿನ್ನ ದಾರಿಯುಂಟು," ಎಂದ.

ನೇರಳೆ ತಲೆ ತಗ್ಗಿಸಿ, ಮೂಗಿನಿಂದ ಬಂಡೆಯನ್ನು ಮೂಸಿ, ಒಂದು ಹೆಜ್ಜೆ ಇಟ್ಟಿತು. ನಿಂತಿತು. ಇನ್ನೊಂದು ಹೆಜ್ಜೆ ಇಟ್ಟಿತು. ಹಿಂದೆ ನಾಗತಿ, ಅವಳ ಹಿಂದೆ ಜಂಪಣ್ಣ, ಕಡೆಯಲ್ಲಿ ಮೋದಿನ್. ಗಾಳಿ ಬಲ ಮಗ್ಗುಲಿನಿಂದ ಎತ್ತಿ ಒಗೆಯುವಂತೆ ಬೀಸುತ್ತಿತ್ತು; ಎಡ ಮೊಣಕಾಲು ಕಲ್ಲುಗೋಡೆಗೆ ಉಜ್ಜುತ್ತಿತ್ತು. ಅರ್ಧ ದಾರಿಯಲ್ಲಿ ಜಂಪಣ್ಣ ಧೈರ್ಯಗೆಟ್ಟು ಲಗಾಮಿಗೆ ಕೈ ಹಾಕಿದ. ಜಗ್ಗಿದ್ದೇ ತಡ, ಅವನ ಕುದುರೆಯ ಹಿಂಗಾಲು ಜಾರಿ ಕಲ್ಲುಗಳು ಉರುಳಿದವು. ಮುಂದಿನಿಂದ ಗಾದ್ರಪ್ಪ ಸಿಡಿಲಿನಂತೆ ಗದರಿದ: "ಬಿಡೋ ಲಗಾಮು! ಬಿಡು ಅಂದೆ!" ಕೂಗಿದ ರಭಸಕ್ಕೆ ಜಂಪಣ್ಣನ ಕೈ ತಾನಾಗಿಯೇ ಸಡಿಲವಾಯಿತು. ಕುದುರೆ ತಲೆ ತಗ್ಗಿಸಿ ಕಾಲು ಊರಿಕೊಂಡು ನಿಂತಿತು. ಹೋದ ಜೀವ ಬಂದಂತಾಗಿ ಜಂಪಣ್ಣ ಎರಡು ಕೈಯನ್ನೂ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದವನು ಬುಡ ಮುಟ್ಟುವ ತನಕ ತೆರೆಯಲಿಲ್ಲ. ಗಾದ್ರಪ್ಪ ಮಾತ್ರ ನಗುನಗುತ್ತಾ ಇಳಿದ ಎನ್ನುತ್ತಾರೆ. ಎರಡು ವರ್ಷದಲ್ಲಿ ಅವನು ಯಾರಿಗೂ ಏನನ್ನೂ ಮುಚ್ಚಿಡದೆ ಸವಾರಿ ಮಾಡಿದ್ದು ಅದೇ ಮೊದಲು.

ಕೆಳಗಿನ ಜನ ನಾಲ್ವರ ಆಸೆಯನ್ನೂ ಬಿಟ್ಟಿದ್ದರು. ದೂಳು ಸ್ವಲ್ಪ ತಿಳಿಯಾಗುವಾಗ, ಕೆಂಪಗೆ ಬಾನಂಚಿಗೆ ತಾಕಿ ನಿಂತ ಹೊತ್ತಿನ ಬೆಳಕಿನಲ್ಲಿ, ಬಂಡೆಯ ಮೇಲಿಂದ ಒಂದು ಕುದುರೆಯ ಮೂತಿ ಕಾಣಿಸಿತು. ಅದರ ಹಿಂದೆ ಇನ್ನೊಂದು, ಮತ್ತೊಂದು, ಮಗದೊಂದು. ಮೈಮೇಲೆಲ್ಲ ಕೆಮ್ಮಣ್ಣು ಮೆತ್ತಿದ ನಾಲ್ವರು, ಒಬ್ಬರ ಕೈಯಲ್ಲೂ ಲಗಾಮಿಲ್ಲ. ನೇರಳೆ ನೇರವಾಗಿ ಗಿಳಿದೊಣೆಗೆ ನಡೆದು ನೀರಿಗೆ ಬಾಯಿ ಹಾಕಿತು. ಮೊದಲ ಕಲ್ಲು ಅಲ್ಲೇ ಮಗ್ಗುಲಲ್ಲಿ. ಗಾದ್ರಪ್ಪ ಜೀನಿನಿಂದ ಬಾಗಿ ಕೈ ಚಾಚಿದ. ಅಂಗೈಗೆ ಬಿಸಿಲಿಗೆ ಕಾದ ಕಲ್ಲು ಸಿಕ್ಕಿತು. ಹೊತ್ತು ಇನ್ನೂ ಮುಳುಗಿರಲಿಲ್ಲ.

ಜನ ಕೂಗುವ ಮೊದಲೇ ತುರುವಿನಹಾಳಿನ ಹಿರಿಯನೊಬ್ಬ ಮುಂದೆ ಬಂದು, ಸಾಕ್ಷಿ ಏನು ಹೇಳುತ್ತಾನೆ ಎಂದು ಕೇಳಿದ. ಎಲ್ಲರೂ ಜಂಪಣ್ಣನನ್ನೇ ನೋಡಿದರು. ಅವನೊಂದು ಮಾತು ಆಡಿದರೆ ಗಾದ್ರಪ್ಪನ ಸಾಹಣಿಕೆಯೂ ನೇರಳೆಯೂ ಕಾವಲೂ ಹೋಗುತ್ತಿದ್ದವು. ಜಂಪಣ್ಣ ಕುದುರೆಯ ಮೇಲೆಯೇ ನೆಟ್ಟಗಾಗಿ, ಎರಡು ಊರಿಗೂ ಕೇಳುವಂತೆ ಹೇಳಿದ. "ಸಾಹಣಿಗಳಿಗೆ ಕಣ್ಣಿಲ್ಲ. ಇದು ನಿಜ. ಕಣ್ಣಿದ್ದ ನನ್ನನ್ನು ಅವರು ಜೀವಸಹಿತ ಇಳಿಸಿದರು. ಇದೂ ನಿಜ. ಬೇರೆಯವರ ಕೈ ಲಗಾಮಿಗೆ ತಾಕಬಾರದು ಅಂತ ಕಟ್ಟಳೆ. ತಾಕಲಿಲ್ಲ. ಅವರ ಕೈಯೇ ತಾಕಲಿಲ್ಲ! ಸುತ್ತು ಮುಗಿದಿದೆ. ಕಾವಲು ಗೋಣಿಬಂಡೆಯದು." ಆಮೇಲೆ ಎದ್ದ ಗದ್ದಲಕ್ಕೆ ಬಂಡೆಗಳ ಪಾರಿವಾಳಗಳೆಲ್ಲ ಹಾರಿಹೋದವು. ಹಲಗೆ ಬಾರಿಸಿದರು, ಕೊಂಬು ಊದಿದರು. ಗೋಣಿಬಂಡೆಯವರ ಜೊತೆ ತುರುವಿನಹಾಳಿನವರೂ ಕುಣಿದರು. ಪಾಳೆಯಗಾರ ಮುಂದೆ ಬಂದು, ನೇರಳೆಯ ಲಗಾಮಿನ ಗಂಟನ್ನು ತನ್ನ ಕೈಯಿಂದ ಬಿಚ್ಚಿ ಗಾದ್ರಪ್ಪನ ಕೈಗೆ ಇಟ್ಟ. ಇದು ನಿನ್ನದೇ, ಎಂದಷ್ಟೇ ಹೇಳಿದ. ಗಾದ್ರಪ್ಪ ಅಂದು ಮೂರು ಊರಿಗೆ ಕೇಳುವಂತೆ ಅತ್ತ, ಅದರಲ್ಲಿ ಮುಚ್ಚುಮರೆ ಏನಿಲ್ಲ.

ಗಾದ್ರಪ್ಪ ಇನ್ನೂ ಹನ್ನೊಂದು ವರ್ಷ ಸಾಹಣಿಯಾಗಿದ್ದ. ತುರುವಿನಹಾಳಿನ ಮರಿಗಳನ್ನೂ ಅವನ ಕೈಯಲ್ಲೇ ಪಳಗಿಸಲು ಕಳಿಸುತ್ತಿದ್ದರು ಎನ್ನುತ್ತಾರೆ. ನೆತ್ತಿಯ ನಾಲ್ಕನೆಯ ಕಲ್ಲಿನಲ್ಲಿ ಚಿತ್ರ ಕಡೆಸಿದವನು ಜಂಪಣ್ಣನೇ. ಈಗ ಪಾಳೆಯವೂ ಇಲ್ಲ, ಲಾಯವೂ ಇಲ್ಲ, ಕಾವಲಿನ ಅರ್ಧ ಭಾಗ ಸೂರ್ಯಕಾಂತಿ ಹೊಲವಾಗಿದೆ. ಕಲ್ಲು ಮಾತ್ರ ಇದೆ. ಹಿಂಬದಿಯ ದಾರಿಯಲ್ಲಿ ಹತ್ತಿ ಹೋದವರಿಗೆ ಅದರಲ್ಲಿ ಸಾಲಾಗಿ ಇಳಿಯುವ ನಾಲ್ಕು ಕುದುರೆಗಳು ಕಾಣುತ್ತವೆ. ನಾಲ್ವರು ಸವಾರರ ಕೈಗಳೂ ತೊಡೆಯ ಮೇಲಿವೆ, ನಾಲ್ವರ ಕಣ್ಣುಗಳೂ ಮುಚ್ಚಿವೆ. ಮುಂದಿನ ಕುದುರೆಯ ಕಣ್ಣೊಂದು ಮಾತ್ರ ಅಗಲವಾಗಿ ತೆರೆದಿದೆ. ಬಂದವರೆಲ್ಲ ಬೆರಳಿಟ್ಟು ಮುಟ್ಟಿ ಮುಟ್ಟಿ ಅದು ನುಣ್ಣಗಾಗಿದೆ. ಕಡೆಯ ಕುದುರೆಯನ್ನು ಹೆಚ್ಚಿನವರು ನೋಡದೆ ಬರುತ್ತಾರೆ. ಅದರ ಎತ್ತಿದ ಹಿಂಗಾಲಿನಲ್ಲಿ ಲಾಳವಿಲ್ಲ. ಕಲ್ಲುಕುಟಿಗ ಮರೆತಿದ್ದಾನೆಂದುಕೊಂಡು ಯಾರೋ ತಿದ್ದಲು ಹೋದಾಗ, ಮುದುಕನಾಗಿದ್ದ ಮೋದಿನ್ ಸಾಬ ಗುಡ್ಡ ಹತ್ತಿ ಬಂದು ಉಳಿ ಕಿತ್ತುಕೊಂಡನಂತೆ. "ಸಾವಿರ ಲಾಳ ಹೊಡೆದಿದ್ದೀನಿ, ಅವು ಯಾವೂ ಬೇಡ. ಇದೊಂದು ಹೀಗೇ ಇರಲಿ," ಎಂದನಂತೆ.